‘ಲಿವರ್ ಪ್ರಾಬ್ಲಂ’ ಅಂದ್ರೆ ಕಾಯಿಲೆಯ ಹೆಸರಲ್ಲ: ವಯಸ್ಸಾದ ನಾಯಿ, ಸ್ಪೆಷಲಿಸ್ಟ್ ಡಾಕ್ಟ್ರು ಮತ್ತು ನಾವು ಕೇಳಬೇಕಾದ ಪ್ರಶ್ನೆಗಳು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ಮಾತು ನಾಯಿ ಸಾಕಿದವರಿಗೆ. ಅದರಲ್ಲೂ ಮನೇಲಿ ಎಂಟು, ಒಂಬತ್ತು, ಹತ್ತು ವರ್ಷ ದಾಟಿದ ನಾಯಿ ಇರೋರಿಗೆ. ಡಾಕ್ಟ್ರ ಹತ್ರ ಹೋದಾಗ ರಕ್ತ ಪರೀಕ್ಷೆ ರಿಪೋರ್ಟ್ ನೋಡಿ, ‘ಲಿವರ್ ಪ್ರಾಬ್ಲಂ ಇದೆ’ ಅಂತ ಒಂದು ಮಾತು ಹೇಳ್ತಾರಲ್ಲ, ಆ ಮಾತಿನ ಬಗ್ಗೆನೇ ಇವತ್ತು ಮಾತಾಡೋಣ. ಪುಸ್ತಕದಲ್ಲಿ ಯಕೃತ್ತು ಅಂತೀವಿ, ಪಿತ್ತಜನಕಾಂಗ ಅಂತೀವಿ. ಮನೇಲಿ ಎಲ್ಲರೂ ಹೇಳೋದು ಲಿವರ್ ಅಂತಾನೇ. ನಾನೂ ಹಾಗೇ ಹೇಳ್ತೀನಿ.

ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ. ‘ಲಿವರ್ ಪ್ರಾಬ್ಲಂ’ ಅನ್ನೋದು ಕಾಯಿಲೆಯ ಹೆಸರಲ್ಲ. ಗಾಡಿ ಮೆಕ್ಯಾನಿಕ್ ಹತ್ರ ಹೋದಾಗ ಅವನು ‘ಇಂಜಿನ್ನಲ್ಲಿ ಏನೋ ಇದೆ’ ಅಂದ್ರೆ ನಾವು ಸುಮ್ಮನೆ ದುಡ್ಡು ಕೊಟ್ಟು ಬರ್ತೀವಾ? ಏನಿದೆ ಅಂತ ಕೇಳ್ತೀವಿ. ನಾಯಿ ವಿಷಯದಲ್ಲಿ ಮಾತ್ರ ಕೇಳೋಕೆ ಹಿಂಜರೀತೀವಿ. ಅದರ ಜೊತೆಗೆ ‘ವಯಸ್ಸಾಯ್ತಲ್ಲ’ ಅನ್ನೋ ಇನ್ನೊಂದು ಮಾತು ಸೇರಿಬಿಟ್ರೆ ಮುಗೀತು, ಪ್ರಶ್ನೆ ಅಲ್ಲಿಗೇ ನಿಂತುಹೋಗುತ್ತೆ.

ನಮ್ಮ ಮನೆ ತಿಪಟೂರಲ್ಲಿ. ನಾನು ಕೆಲಸಕ್ಕೆ ಬೆಂಗಳೂರಲ್ಲಿದೀನಿ. ಊರಲ್ಲಿ ಅಪ್ಪ, ಅಮ್ಮ, ಮತ್ತೆ ಜೂಲಿ. ಜೂಲಿ ಹೆಣ್ಣು ಲ್ಯಾಬ್ರಡಾರ್. ಈ ಕಥೆ ನಡೆದಾಗ ಅವಳಿಗೆ ಹತ್ತು ವರ್ಷ. ಲ್ಯಾಬ್ರಡಾರ್ ಸಾಕಿದವರಿಗೆ ಗೊತ್ತು, ಆ ಜಾತಿ ನಾಯಿ ಊಟ ಬಿಟ್ಟಿತು ಅಂದ್ರೆ ಏನೋ ಆಗಿದೆ ಅಂತಾನೇ ಅರ್ಥ. ಜೂಲಿ ಪೂರ್ತಿ ಬಿಡಲಿಲ್ಲ. ತಟ್ಟೇಲಿ ಅರ್ಧ ಬಿಡೋಕೆ ಶುರು ಮಾಡಿದ್ಲು. ವಾರಕ್ಕೆ ಎರಡು ಸಲ ಬೆಳಗ್ಗೆ ಹಳದಿ ನೊರೆ ವಾಂತಿ. ನೀರು ಜಾಸ್ತಿ ಕುಡಿಯೋಳು. 31 ಕಿಲೋ ಇದ್ದವಳು ನಾಲ್ಕು ತಿಂಗಳಲ್ಲಿ 27ಕ್ಕೆ ಬಂದಳು.

ಅಪ್ಪ ಊರಿನ ಪಶುವೈದ್ಯರ ಹತ್ರ ಕರ್ಕೊಂಡು ಹೋದ್ರು. ಅವರು ಹೆಚ್ಚಾಗಿ ಹಸು, ಎಮ್ಮೆ ನೋಡೋ ಡಾಕ್ಟ್ರು. ಒಳ್ಳೆ ಮನುಷ್ಯ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದ್ರು. ಎಎಲ್‌ಟಿ ಅನ್ನೋ ಅಂಶ 412 ಬಂತು. ಆ ಲ್ಯಾಬಿನ ಪ್ರಕಾರ ನೂರರ ಒಳಗಿರಬೇಕಿತ್ತು. ಉಣ್ಣೆ ಕಚ್ಚಿ ಬರೋ ಜ್ವರ ಇದೆಯಾ ಅಂತ ನೋಡಿದ್ರು, ಇರಲಿಲ್ಲ. ಆಂಟಿಬಯಾಟಿಕ್ ಕೊಟ್ರು, ಲಿವರ್ ಟಾನಿಕ್ ಕೊಟ್ರು, ಆರು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಅಂದ್ರು. ಮಾಡಿಸಿದ್ವಿ. 530.

ಆ ಡಾಕ್ಟ್ರು ಅವತ್ತು ಅಪ್ಪನಿಗೆ ಹೇಳಿದ ಮಾತು ನನಗೆ ಇವತ್ತಿಗೂ ದೊಡ್ಡದು ಅನಿಸುತ್ತೆ. ‘ಸಾರ್, ನನ್ನ ಹತ್ರ ಇರೋ ಸಾಮಾನಲ್ಲಿ ಇದಕ್ಕಿಂತ ಮುಂದೆ ಹೋಗೋಕಾಗಲ್ಲ. ಸ್ಕ್ಯಾನಿಂಗ್ ಆಗಬೇಕು, ನಾಯಿಗಳನ್ನೇ ನೋಡೋರು ನೋಡಬೇಕು. ಟಾನಿಕ್ ಬದಲಾಯಿಸ್ತಾ ಕೂತ್ರೆ ಟೈಮ್ ಹೋಗುತ್ತೆ.’ ಹೀಗೆ ಹೇಳೋ ಡಾಕ್ಟ್ರು ನಿಮ್ಮೂರಲ್ಲಿದ್ರೆ ಅವರನ್ನ ಬಿಡಬೇಡಿ.

ಎಲ್ಲ ಕಡೆ ಹೀಗೇ ಇರಲ್ಲ. ಮಧ್ಯೆ ಇನ್ನೊಂದು ಕ್ಲಿನಿಕ್ಕಿಗೂ ತೋರಿಸಿದ್ವಿ. ಹೆಸರು ಬೇಡ. ಅಲ್ಲಿ ಜೂಲಿಯನ್ನ ಟೇಬಲ್ ಮೇಲೂ ಹತ್ತಿಸಲಿಲ್ಲ. ರಿಪೋರ್ಟ್ ನೋಡಿದ್ರು, ‘ಎಷ್ಟು ವರ್ಷ?’ ಅಂದ್ರು. ಹತ್ತು ಅಂದ್ವಿ. ‘ಲ್ಯಾಬ್ ಅಲ್ವಾ, ಹನ್ನೊಂದು ಹನ್ನೆರಡು ಬದುಕುತ್ತೆ, ಇನ್ನೇನು ಮಾಡಿಸ್ತೀರಾ’ ಅಂತ ಬೇರೆ ಟಾನಿಕ್ ಬರೆದ್ರು. ಎರಡು ನಿಮಿಷ ಆಗಿರಬಹುದು. ವಯಸ್ಸು ಅನ್ನೋದು ಕಾಯಿಲೆ ಅಲ್ಲ. ವಯಸ್ಸಾದ ನಾಯಿಗೆ ಬರೋ ಕಾಯಿಲೆಗೂ ಒಂದು ಹೆಸರಿರುತ್ತೆ, ಎಷ್ಟೋ ಸಲ ಔಷಧಿನೂ ಇರುತ್ತೆ.

ಸ್ಪೆಷಲಿಸ್ಟ್ ವಿಷಯಕ್ಕೆ ಹೋಗೋಕೆ ಮುಂಚೆ ಆ ರಿಪೋರ್ಟ್ ಏನು ಹೇಳುತ್ತೆ ಅಂತ ಸ್ವಲ್ಪ ನೋಡೋಣ. ಇದು ಗೊತ್ತಿದ್ರೆ ಡಾಕ್ಟ್ರ ಜೊತೆ ಮಾತಾಡೋದು ಸುಲಭ.

ಲಿವರ್ ಮಾಡೋ ಕೆಲಸ ಒಂದೆರಡಲ್ಲ. ಪಿತ್ತ ತಯಾರು ಮಾಡೋದು, ವಿಷ ಕಳೆಯೋದು, ಸಕ್ಕರೆ ಕೂಡಿಡೋದು, ರಕ್ತ ಹೆಪ್ಪುಗಟ್ಟೋಕೆ ಬೇಕಾದ ಅಂಶ ಮಾಡೋದು, ಅಲ್ಬುಮಿನ್ ಅನ್ನೋ ಪ್ರೋಟೀನ್ ಮಾಡೋದು, ಎಲ್ಲ ಅದರದ್ದೇ. ಅದಕ್ಕೆ ಎರಡು ಗುಣ ಇದೆ. ಒಂದು, ತನ್ನನ್ನ ತಾನು ರಿಪೇರಿ ಮಾಡ್ಕೊಳ್ಳುತ್ತೆ. ಇನ್ನೊಂದು, ಬಹುಪಾಲು ಹಾಳಾಗೋವರೆಗೂ ದೂರು ಹೇಳಲ್ಲ. ಮನೇಲಿ ಒಬ್ಬರು ಎಲ್ಲ ಕೆಲಸ ಎಳ್ಕೊಂಡು ಮಾಡ್ತಾ, ಒಂದು ದಿನ ಇದ್ದಕ್ಕಿದ್ದ ಹಾಗೆ ಮಲಗಿಬಿಡ್ತಾರಲ್ಲ, ಹಾಗೆ. ಕಣ್ಣು ಹಳದಿ ಆಗೋದು, ಹೊಟ್ಟೇಲಿ ನೀರು ತುಂಬೋದು, ಇವೆಲ್ಲ ಎಷ್ಟೋ ಸಲ ತಡವಾಗಿ ಕಾಣೋ ಲಕ್ಷಣಗಳು. ಅರ್ಧ ಬಿಟ್ಟ ಊಟ, ಇಳಿದ ತೂಕ, ಆಗಾಗ ವಾಂತಿ, ಇವು ಬೇಗ ಕಾಣುತ್ತೆ.

ಈಗ ನಂಬರ್‌ಗಳು. ಎಎಲ್‌ಟಿ ಅನ್ನೋದು ಲಿವರ್ ಜೀವಕೋಶದ ಒಳಗೆ ಇರೋ ಕಿಣ್ವ. ಜೀವಕೋಶಕ್ಕೆ ಪೆಟ್ಟಾದಾಗ ಅದು ರಕ್ತಕ್ಕೆ ಸೋರುತ್ತೆ. ಅಂದ್ರೆ ಅದು ಪೆಟ್ಟಾಗ್ತಿದೆ ಅಂತ ಹೇಳುತ್ತೆ, ಯಾರು ಹೊಡೀತಿದಾರೆ ಅಂತ ಹೇಳಲ್ಲ. ಎಎಲ್‌ಪಿ ಅಂತ ಇನ್ನೊಂದು. ಪಿತ್ತದ ಹರಿವಿಗೆ ತಡೆ ಬಂದ್ರೆ ಅದು ಏರುತ್ತೆ. ಆದ್ರೆ ಚರ್ಮದ ತುರಿಕೆಗೆ ಅಂತ ಸ್ಟೀರಾಯ್ಡ್ ಕೊಡ್ತಿದ್ರೂ ಏರುತ್ತೆ, ಫಿಟ್ಸ್‌ಗೆ ಕೊಡೋ ಕೆಲವು ಮಾತ್ರೆಯಿಂದಲೂ ಏರುತ್ತೆ, ಕುಶಿಂಗ್ಸ್ ಅನ್ನೋ ಹಾರ್ಮೋನ್ ಕಾಯಿಲೆಯಲ್ಲೂ ಏರುತ್ತೆ. ಎಎಲ್‌ಪಿ ಜಾಸ್ತಿ ಇದ್ದ ತಕ್ಷಣ ಲಿವರ್ ಹೋಯ್ತು ಅಂತ ಅಲ್ಲ.

ಲಿವರ್ ಕೆಲಸ ಮಾಡ್ತಿದೆಯಾ ಇಲ್ವಾ ಅಂತ ತಿಳಿಯೋಕೆ ಬೇರೆ ಲೆಕ್ಕ ನೋಡಬೇಕು. ಅಲ್ಬುಮಿನ್, ಬಿಲಿರುಬಿನ್, ಸಕ್ಕರೆ, ಯೂರಿಯಾ, ಕೊಲೆಸ್ಟರಾಲ್, ರಕ್ತ ಹೆಪ್ಪುಗಟ್ಟೋಕೆ ತಗೊಳೋ ಸಮಯ. ಬೈಲ್ ಆಸಿಡ್ ಟೆಸ್ಟ್ ಅಂತ ಒಂದಿದೆ, ಖಾಲಿ ಹೊಟ್ಟೇಲಿ ಒಂದು ಸಲ, ಊಟ ಆಗಿ ಎರಡು ಗಂಟೆಗೆ ಇನ್ನೊಂದು ಸಲ ರಕ್ತ ತೆಗೀತಾರೆ. ಹಾಗಾಗಿ ರಿಪೋರ್ಟ್ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆ ಇದು: ‘ಡಾಕ್ಟ್ರೇ, ಇದು ಪೆಟ್ಟಿನ ಲೆಕ್ಕನಾ, ಕೆಲಸದ ಲೆಕ್ಕನಾ? ಕೆಲಸದ ಲೆಕ್ಕ ಹೇಗಿದೆ?’

ಜೂಲಿಗೆ ಕೆಲಸದ ಲೆಕ್ಕ ಇನ್ನೂ ಸರಿ ಇತ್ತು, ಪೆಟ್ಟು ಮಾತ್ರ ನಿಲ್ತಿರಲಿಲ್ಲ. ಸ್ಪೆಷಲಿಸ್ಟ್ ಹತ್ರ ಹೋಗೋಕೆ ಇದೇ ಒಳ್ಳೆ ಸಮಯ. ಎಎಲ್‌ಟಿ ಒಂದು ಸಲ ಏರಿದ್ರೆ ಗಾಬರಿ ಬೇಡ. ಎಂಟು ವಾರ ಆದ್ರೂ ಇಳೀದೆ ಇದ್ರೆ, ಅಥವಾ ಏರ್ತಾನೇ ಇದ್ರೆ, ಕಾರಣ ಹುಡುಕಬೇಕು.

ಸರಿ, ಸ್ಪೆಷಲಿಸ್ಟ್ ಅಂದ್ರೆ ಯಾರು? ನಮ್ಮಲ್ಲಿ ಪಶುವೈದ್ಯರ ಮೊದಲ ಪದವಿ ಬಿವಿಎಸ್ಸಿ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಅದರಲ್ಲಿ ಹಸು, ಕುರಿ, ಕೋಳಿ, ಕುದುರೆ, ನಾಯಿ, ಬೆಕ್ಕು ಎಲ್ಲಾ ಬರುತ್ತೆ. ಅದಾದ ಮೇಲೆ ಎಂವಿಎಸ್ಸಿ ಮಾಡೋರು ಒಂದು ವಿಷಯ ತಗೋತಾರೆ, ಮೆಡಿಸಿನ್, ಸರ್ಜರಿ, ಪೆಥಾಲಜಿ ಹೀಗೆ. ಮನುಷ್ಯರಿಗೆ ಇರೋ ಹಾಗೆ ಬೀದಿಗೊಬ್ಬ ಲಿವರ್ ಸ್ಪೆಷಲಿಸ್ಟ್ ನಾಯಿಗಳಿಗೆ ಸಿಗಲ್ಲ. ಹುಡುಕಬೇಕಾದ್ದು ಮೆಡಿಸಿನ್ ವಿಷಯದಲ್ಲಿ ಎಂವಿಎಸ್ಸಿ ಮಾಡಿ, ಸಾಕು ಪ್ರಾಣಿಗಳನ್ನೇ ದಿನಾ ನೋಡೋರನ್ನ. ಜೊತೆಗೆ ಅಲ್ಟ್ರಾಸೌಂಡ್ ಮಾಡಿ ಕೈ ಪಳಗಿದವರು ಇರಬೇಕು.

ಇವರು ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಮಾತ್ರ ಇರ್ತಾರೆ ಅಂದ್ಕೋಬೇಡಿ. ಬೀದರ್‌ನಲ್ಲಿ ಕೇಂದ್ರ ಇರೋ ಕರ್ನಾಟಕ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗ, ಇಲ್ಲೆಲ್ಲ ಪಶುವೈದ್ಯಕೀಯ ಕಾಲೇಜುಗಳಿವೆ. ಪಾಠ ಮಾಡೋ ಜಾಗ ಅಂದ ಮೇಲೆ ಮೆಡಿಸಿನ್, ಸರ್ಜರಿ, ಪೆಥಾಲಜಿ ವಿಭಾಗಗಳು ಒಂದೇ ಕಾಂಪೌಂಡಲ್ಲಿ ಇರುತ್ತೆ. ಕಾಯಬೇಕಾಗಬಹುದು, ಆದ್ರೆ ಖಾಸಗಿಗೆ ಹೋಲಿಸಿದ್ರೆ ಖರ್ಚು ಕಡಿಮೆ. ಹೋಗೋಕೆ ಮುಂಚೆ ಫೋನ್ ಮಾಡಿ, ಯಾವ ದಿನ ಯಾವ ವಿಭಾಗ, ಸ್ಕ್ಯಾನಿಂಗ್ ಯಾವಾಗ ಅಂತ ಕೇಳ್ಕೊಳ್ಳಿ.

ಇನ್ನೊಂದು ಹಿಂಜರಿಕೆ ನಮ್ಮಲ್ಲಿ ಇದೆ. ‘ಬೇರೆ ಡಾಕ್ಟ್ರಿಗೆ ತೋರಿಸ್ತೀನಿ ಅಂದ್ರೆ ಇವರು ಬೇಜಾರು ಮಾಡ್ಕೊಂಡ್ರೆ? ನಾಳೆ ಅರ್ಧ ರಾತ್ರಿ ಬೇಕಾದಾಗ ಇವರೇ ಬರಬೇಕಲ್ಲ?’ ಊರಲ್ಲಿ ಇದು ನಿಜವಾದ ಚಿಂತೆ. ಅದಕ್ಕೆ ಮಾತನ್ನ ಹೀಗಿಡಿ: ‘ಡಾಕ್ಟ್ರೇ, ನೀವೇ ನೋಡ್ತಾ ಇರಿ. ಸ್ಕ್ಯಾನಿಂಗಿಗೆ, ಇನ್ನೊಂದು ಅಭಿಪ್ರಾಯಕ್ಕೆ ಯಾರ ಹತ್ರ ಕಳಿಸ್ತೀರಾ? ಒಂದು ಚೀಟಿ ಬರ್ಕೊಡಿ.’ ಆಗ ಅವರನ್ನ ಬಿಟ್ಟು ಹೋದ ಹಾಗಾಗಲ್ಲ. ಸ್ಪೆಷಲಿಸ್ಟ್ ಹೇಳಿದ್ದನ್ನ ಊರಲ್ಲಿ ಮುಂದುವರಿಸೋರು ಕೊನೆಗೂ ಅವರೇ. ಜೂಲಿ ವಿಷಯದಲ್ಲೂ ಹಾಗೇ ಆಯ್ತು.

ತಿಪಟೂರಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರ್. ವಯಸ್ಸಾದ ನಾಯಿಗೆ ಇದು ಸಣ್ಣ ದಾರಿ ಅಲ್ಲ. ಹಾಗಾಗಿ ಒಂದೇ ಸಲಕ್ಕೆ ಆಗೋಷ್ಟು ಕೆಲಸ ಆಗಲಿ ಅಂತ ಒಂದು ಫೈಲ್ ಮಾಡ್ಕೊಂಡ್ವಿ. ನೀವೂ ಮಾಡ್ಕೊಳ್ಳಿ. ಎಲ್ಲ ರಕ್ತ ಪರೀಕ್ಷೆ, ತಾರೀಖಿನ ಪ್ರಕಾರ. ಇದುವರೆಗೂ ಕೊಟ್ಟ ಪ್ರತಿ ಔಷಧಿ, ಮಾತ್ರೆ ಹಾಳೆಯ ಫೋಟೋ ಸಮೇತ. ತೂಕ ಇಳಿದ ಲೆಕ್ಕ. ಲಸಿಕೆ ಪುಸ್ತಕ. ವಾಂತಿ ಮಾಡೋದರ, ನಡೆಯೋದರ ಚಿಕ್ಕ ವಿಡಿಯೋ, ಯಾಕಂದ್ರೆ ಆಸ್ಪತ್ರೇಲಿ ನಾಯಿ ಮನೇಲಿದ್ದ ಹಾಗೆ ಇರಲ್ಲ. ದಿನಕ್ಕೆ ಏನೇನು ತಿನ್ನುತ್ತೆ ಅನ್ನೋ ಪಟ್ಟಿ, ಪಕ್ಕದ ಮನೆಯವರು ಹಾಕೋ ಬಿಸ್ಕತ್ತು ಸೇರಿಸಿ. ಸ್ಕ್ಯಾನಿಂಗ್ ಇದ್ರೆ ಎಷ್ಟು ಗಂಟೆ ಉಪವಾಸ ಇರಬೇಕು ಅಂತ ಮೊದಲೇ ಕೇಳಿ.

ಅಲ್ಲಿನ ಡಾಕ್ಟ್ರು ಮೇಡಂ ನಲವತ್ತು ನಿಮಿಷ ನಮ್ಮ ಜೊತೆ ಮಾತಾಡಿದ್ರು. ಅವರು ಕೇಳಿದ ಪ್ರಶ್ನೆಗಳನ್ನ ಕೇಳಿ. ಮಂಡಿ ನೋವಿಗೆ ಮಾತ್ರೆ ಕೊಡ್ತಿದ್ರಾ? ನಾಯಿಗಳಿಗೇ ಅಂತ ಇರೋ ಕೆಲವು ನೋವಿನ ಮಾತ್ರೆ ಸಹ ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಕೊಡುತ್ತೆ. ತೋಟದಲ್ಲಿ ಇಲಿ ಪಾಷಾಣ ಇಡ್ತೀರಾ? ಬೂಷ್ಟು ಹಿಡಿದ ಹಿಂಡಿ, ಜೋಳ ತಿಂದಿರೋ ಸಾಧ್ಯತೆ ಇದೆಯಾ? ಬೂಷ್ಟಿನಲ್ಲಿ ಬರೋ ಅಫ್ಲಾಟಾಕ್ಸಿನ್ ಲಿವರ್‌ಗೆ ವಿಷ. ಆಮೇಲೆ ಒಂದು ಪ್ರಶ್ನೆ ಕೇಳಿದ್ರು, ಅಪ್ಪ ನಕ್ಕುಬಿಟ್ರು. ‘ನೀರು ಯಾವ ಪಾತ್ರೇಲಿ ಇಡ್ತೀರಾ? ತಾಮ್ರದ್ದಾ?’

ಸ್ಟೀಲ್ ಬೋಗುಣಿ ಅಂದ್ವಿ. ಆ ಪ್ರಶ್ನೆ ಯಾಕೆ ಅಂತ ಆಮೇಲೆ ಅರ್ಥ ಆಯ್ತು. ಲ್ಯಾಬ್ರಡಾರ್, ಡಾಬರ್ಮನ್, ಡಾಲ್ಮೇಶಿಯನ್, ಬೆಡ್ಲಿಂಗ್‌ಟನ್ ಟೆರಿಯರ್, ಇಂಥ ಕೆಲವು ಜಾತಿ ನಾಯಿಗಳ ಲಿವರ್‌ನಲ್ಲಿ ತಾಮ್ರ ಹೊರಗೆ ಹೋಗದೆ ಕೂಡಿಕೊಳ್ಳೋ ತೊಂದರೆ ಇದೆ. ಊಟದಲ್ಲಿ ಬರೋ ತಾಮ್ರನೇ ವರ್ಷಗಟ್ಟಲೆ ಸೇರಿ ಲಿವರ್ ಊದಿಕೊಳ್ಳುತ್ತೆ, ಆಮೇಲೆ ಗಾಯದ ಕಲೆ ಕಟ್ಟುತ್ತೆ. ಮನುಷ್ಯರಲ್ಲೂ ತಾಮ್ರ ಕೂಡಿಕೊಳ್ಳೋ ವಿಲ್ಸನ್ಸ್ ಕಾಯಿಲೆ ಅಂತ ಒಂದಿದೆ.

ಸ್ಕ್ಯಾನಿಂಗಲ್ಲಿ ಗಡ್ಡೆ ಕಾಣಲಿಲ್ಲ. ಪಿತ್ತಕೋಶ ಚೆನ್ನಾಗಿತ್ತು. ಹೊಟ್ಟೇಲಿ ನೀರಿರಲಿಲ್ಲ. ಲಿವರ್ ಸ್ವಲ್ಪ ಚಿಕ್ಕದಾಗಿ, ಒರಟಾಗಿ ಕಾಣ್ತು. ಮೇಡಂ ನೇರವಾಗಿ ಹೇಳಿದ್ರು: ‘ಇದು ದೀರ್ಘಕಾಲದ ಹೆಪಟೈಟಿಸ್ ಇರಬಹುದು. ಕಾರಣ ಗೊತ್ತಾಗಬೇಕು ಅಂದ್ರೆ ಬಯಾಪ್ಸಿ ಬೇಕು.’ ಸೂಜಿ ಚುಚ್ಚಿ ತೆಗೆಯೋ ನಾಲ್ಕು ಜೀವಕೋಶ ಇದಕ್ಕೆ ಸಾಲಲ್ಲ, ಲಿವರ್‌ನ ಸಣ್ಣ ಚೂರೇ ಬೇಕು, ಅದರಲ್ಲಿ ತಾಮ್ರ ಎಷ್ಟಿದೆ ಅಂತ ಅಳೀಬೇಕು ಅಂದ್ರು.

ಇಲ್ಲಿ ನಮ್ಮನೇಲಿ ಜಗಳ ಅಂತಾನೇ ಹೇಳಬಹುದು, ಆಯ್ತು. ಅಪ್ಪ ಹೊರಗೆ ಬಂದು ಕಾರಿಗೆ ಒರಗಿಕೊಂಡು ನಿಂತ್ರು. ‘ಹತ್ತು ವರ್ಷದ ನಾಯಿ ಕಣೋ. ಹೊಟ್ಟೆ ಕೊಯ್ಸಬೇಕಾ? ಅದೇನು ಕೇಳಿತ್ತಾ? ನಮ್ಮ ಸಮಾಧಾನಕ್ಕೆ ಅದಕ್ಯಾಕೆ ಹಿಂಸೆ?’ ಅಂದ್ರು. ದುಡ್ಡಿನ ಮಾತು ಅವರು ಆಡಲಿಲ್ಲ. ಆದ್ರೆ ಆ ವರ್ಷ ಕೊಬ್ಬರಿ ರೇಟ್ ಹೇಗಿತ್ತು ಅಂತ ನನಗೂ ಗೊತ್ತಿತ್ತು.

ಅಪ್ಪ ಕೇಳಿದ್ದು ತಪ್ಪು ಪ್ರಶ್ನೆ ಅಲ್ಲ. ವಯಸ್ಸಾದ ಪ್ರಾಣಿ ವಿಷಯದಲ್ಲಿ ಅದೇ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದ್ದು ನಾನಲ್ಲ, ಡಾಕ್ಟ್ರು. ಒಳಗೆ ವಾಪಸ್ ಹೋಗಿ ಮೂರು ಪ್ರಶ್ನೆ ಕೇಳಿದ್ವಿ. ಒಂದು, ಇದು ಗೊತ್ತಾದ್ರೆ ಔಷಧಿಯಲ್ಲಿ ಏನು ಬದಲಾಗುತ್ತೆ? ಎರಡು, ಬಯಾಪ್ಸಿಯಲ್ಲಿ ಅಪಾಯ ಏನು, ಅದನ್ನ ಕಡಿಮೆ ಮಾಡೋಕೆ ನೀವೇನು ಮಾಡ್ತೀರಾ? ಮೂರು, ಮಾಡಿಸದೆ ಇದ್ರೆ ಮುಂದೇನು?

ಮೇಡಂ ಕೊಟ್ಟ ಉತ್ತರ ಹೀಗಿತ್ತು. ತಾಮ್ರ ಕಾರಣ ಆದ್ರೆ ಅದನ್ನ ಎಳೆದು ಹೊರಗೆ ಹಾಕೋ ಮಾತ್ರೆ ಇದೆ. ತಾಮ್ರ ಅಲ್ಲ, ದೇಹನೇ ತನ್ನ ಲಿವರ್ ಮೇಲೆ ದಾಳಿ ಮಾಡ್ತಿದೆ ಅಂತಾದ್ರೆ ರೋಗನಿರೋಧಕ ಶಕ್ತಿಯನ್ನ ತಗ್ಗಿಸೋ ಔಷಧಿ ಬೇಕು. ಎರಡರ ದಾರಿನೇ ಬೇರೆ. ಊಹೆ ಮೇಲೆ ಶುರು ಮಾಡಿದ್ರೆ ಬೇಡದ ಔಷಧಿಯ ಅಡ್ಡ ಪರಿಣಾಮ ಮಾತ್ರ ಸಿಗಬಹುದು, ನಿಜವಾದ ಕಾಯಿಲೆ ಮುಂದೆ ಹೋಗ್ತಾನೇ ಇರುತ್ತೆ. ಅಪಾಯ ಅಂದ್ರೆ ರಕ್ತಸ್ರಾವ. ಅದಕ್ಕೆ ಮೊದಲು ಪ್ಲೇಟ್ಲೆಟ್, ರಕ್ತ ಹೆಪ್ಪುಗಟ್ಟೋ ಸಮಯ ನೋಡ್ತೀವಿ, ಸರಿ ಇಲ್ಲ ಅಂದ್ರೆ ನಾವೇ ಮಾಡಲ್ಲ. ಆಮೇಲೆ ಒಂದು ರಾತ್ರಿ ಇಟ್ಕೊಂಡು ನೋಡ್ತೀವಿ. ಮಾಡಿಸದೆ ಇದ್ರೂ ನಾನು ನೋಡಲ್ಲ ಅಂತ ಅಲ್ಲ, ವಾಂತಿಗೆ, ಊಟಕ್ಕೆ ಔಷಧಿ ಕೊಡ್ತೀನಿ, ಆದ್ರೆ ಕಣ್ಣು ಕಟ್ಕೊಂಡು ಕೊಟ್ಟ ಹಾಗೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ‘ಸೈನ್ ಎಲ್ಲಿ ಮಾಡಬೇಕಮ್ಮ?’ ಅಂದ್ರು.

ಒಂಬತ್ತು ದಿನಕ್ಕೆ ರಿಪೋರ್ಟ್ ಬಂತು. ದೀರ್ಘಕಾಲದ ಹೆಪಟೈಟಿಸ್, ಕಾರಣ ತಾಮ್ರ. ಗಾಯದ ಕಲೆ ಮಧ್ಯಮ ಮಟ್ಟದಲ್ಲಿದೆ. ಆರು ತಿಂಗಳ ಹಿಂದೆ ‘ಲಿವರ್ ಪ್ರಾಬ್ಲಂ’ ಅಂತ ಇದ್ದದ್ದಕ್ಕೆ ಈಗ ಒಂದು ಹೆಸರು ಸಿಕ್ತು.

ಪೆನಿಸಿಲಮೈನ್ ಅನ್ನೋ ಮಾತ್ರೆ ಶುರು ಆಯ್ತು. ಹೆಸರು ಕೇಳಿ ಪೆನ್ಸಿಲಿನ್ ಅಂದ್ಕೋಬೇಡಿ, ಆ ಕೆಲಸಾನೇ ಬೇರೆ. ವಿಲ್ಸನ್ಸ್ ಕಾಯಿಲೆ ಇರೋ ಮನುಷ್ಯರಿಗೂ ಕೊಡೋ ಮಾತ್ರೆ ಇದು, ಮನುಷ್ಯರ ಮೆಡಿಕಲ್ ಶಾಪಲ್ಲೇ ಹುಡುಕಬೇಕು. ಖಾಲಿ ಹೊಟ್ಟೇಲಿ ಕೊಡಬೇಕು, ಮೊದಲ ವಾರ ಜೂಲಿ ಅದನ್ನೂ ವಾಂತಿ ಮಾಡಿದ್ಲು. ಫೋನ್ ಮಾಡಿ ಕೇಳಿ ಪ್ರಮಾಣ ಹೊಂದಿಸಿಕೊಂಡ್ವಿ. ಪಿತ್ತ ಸರಾಗ ಹರಿಯೋಕೆ ಇನ್ನೊಂದು ಮಾತ್ರೆ.

ಊಟದ ಬಗ್ಗೆ ಎರಡು ಮಾತು ಮುಖ್ಯ. ಪಕ್ಕದ ಮನೆ ಆಂಟಿ ಪಾಪ, ‘ಲಿವರ್‌ಗೆ ಲಿವರೇ ಔಷಧಿ, ಕುರಿ ಈಲಿ ಕಳಿಸ್ತೀನಿ’ ಅಂದ್ರು. ಕೊಡೋಕೆ ಮುಂಚೆ ಮೇಡಂಗೆ ಫೋನ್ ಮಾಡಿದ್ವಿ. ಬೇಡವೇ ಬೇಡ ಅಂದ್ರು, ಯಾಕಂದ್ರೆ ಊಟದ ಪದಾರ್ಥಗಳಲ್ಲಿ ತಾಮ್ರ ಅತಿ ಹೆಚ್ಚಿರೋದರಲ್ಲಿ ಈಲಿನೂ ಒಂದು. ಇನ್ನೊಂದು, ಲಿವರ್ ಕಾಯಿಲೆ ಅಂದ ತಕ್ಷಣ ಮೊಟ್ಟೆ, ಮಾಂಸ ಎಲ್ಲ ನಿಲ್ಲಿಸಿ ಬರೀ ಗಂಜಿ ಹಾಕೋ ಪದ್ಧತಿ ಇದೆ. ಎಲ್ಲ ನಾಯಿಗೂ ಅದು ಸರಿ ಅಲ್ಲ. ಲಿವರ್ ರಿಪೇರಿ ಆಗೋಕೆ ಪ್ರೋಟೀನ್ ಬೇಕು. ವಿಷ ತಲೆಗೇರಿ ನಾಯಿ ಮಂಕಾಗೋ ಹಂತ ಬಂದಾಗ ಮಾತ್ರ ಡಾಕ್ಟ್ರು ಪ್ರೋಟೀನನ್ನ ಬದಲಾಯಿಸ್ತಾರೆ, ಕಡಿಮೆ ಮಾಡ್ತಾರೆ. ಜೂಲಿಗೆ ಬರೆದುಕೊಟ್ಟ ಪಟ್ಟಿಯಲ್ಲಿ ಅನ್ನ, ಮೊಸರು, ಮೊಟ್ಟೆ ಇತ್ತು. ಮೊಸರನ್ನ ಅವಳಿಗೆ ಮೊದಲಿಂದಲೂ ಇಷ್ಟ, ಹಾಗಾಗಿ ಆ ವಿಷಯದಲ್ಲಿ ಜಗಳ ಆಗಲಿಲ್ಲ.

ಮೂರು ತಿಂಗಳಿಗೆ ಎಎಲ್‌ಟಿ 190ಕ್ಕೆ ಬಂತು. ಏಳನೇ ತಿಂಗಳಿಗೆ 110. ತೂಕ 29. ರಕ್ತ ತೆಗೆಯೋದು, ಲೆಕ್ಕ ನೋಡೋದು ಎಲ್ಲ ತಿಪಟೂರಿನ ಡಾಕ್ಟ್ರೇ ಮಾಡಿದ್ರು, ರಿಪೋರ್ಟ್ ವಾಟ್ಸಾಪಲ್ಲಿ ಬೆಂಗಳೂರಿಗೆ ಹೋಗೋದು. ಮತ್ತೆ ಬೆಂಗಳೂರಿಗೆ ಹೋಗಿದ್ದು ಎರಡೇ ಸಲ.

ಜೂಲಿ ಆಮೇಲೆ ಹತ್ತೊಂಬತ್ತು ತಿಂಗಳು ಬದುಕಿದ್ಲು. ಅದರಲ್ಲಿ ಹದಿನೆಂಟು ತಿಂಗಳು ತೋಟಕ್ಕೆ ಹೋಗೋದು, ಅಪ್ಪನ ಸ್ಕೂಟರ್ ಸದ್ದಿಗೆ ಗೇಟಿಗೆ ಓಡೋದು, ಎಲ್ಲ ಇತ್ತು. ಕೊನೆ ತಿಂಗಳು ಹೊಟ್ಟೇಲಿ ನೀರು ತುಂಬೋಕೆ ಶುರುವಾಯ್ತು. ಒಂದೆರಡು ಸಲ ಗೋಡೆಗೆ ಮುಖ ಮಾಡಿ ಸುಮ್ಮನೆ ನಿಂತಿರೋಳು. ಅದೇನು ಅಂತ ನಮಗೆ ಗೊತ್ತಿತ್ತು, ಮೇಡಂ ಮೊದಲೇ ಹೇಳಿದ್ರು, ಈ ಲಕ್ಷಣ ಬಂದ್ರೆ ಲಿವರ್ ಕೈಚೆಲ್ತಿದೆ ಅಂತ. ಔಷಧಿ ಕೊಟ್ವಿ, ಹತ್ತು ದಿನ ನೋಡಿದ್ವಿ, ಊಟ ಪೂರ್ತಿ ಬಿಟ್ಲು. ಆಗ ಮತ್ತೆ ಬೆಂಗಳೂರಿಗೆ ಓಡಲಿಲ್ಲ. ಇನ್ನು ಅವಳನ್ನ ಎಳೆದಾಡೋದು ಬೇಡ ಅಂತ ಅಪ್ಪನೇ ಹೇಳಿದ್ರು. ಆ ಡಾಕ್ಟ್ರು ಮನೆಗೇ ಬಂದು, ಅವಳಿಗೆ ನೋವಾಗದ ಹಾಗೆ ಕಳಿಸಿಕೊಟ್ರು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಸ್ಪೆಷಲಿಸ್ಟ್ ಅಂದ್ರೆ ಪವಾಡ ಮಾಡೋರು ಅಂತ ಯಾರೂ ಅಂದ್ಕೋಬಾರದು. ಅವರು ಕೊಡೋದು ಒಂದು ಹೆಸರು, ಒಂದು ದಾರಿ. ಮೊದಲು ಏನು ಮಾಡಬೇಕು ಅಂತ ಆ ಹೆಸರಿಂದ ಗೊತ್ತಾಯ್ತು. ಕೊನೆಗೆ ಯಾವಾಗ ನಿಲ್ಲಿಸಬೇಕು ಅಂತಾನೂ ಅದರಿಂದಲೇ ಗೊತ್ತಾಯ್ತು. ಹೆಸರಿಲ್ಲದ ಕಾಯಿಲೆಗೆ ಎರಡೂ ಆಗಲ್ಲ.

ಎಲ್ಲ ನಾಯಿಗೂ ತಾಮ್ರದ ಕಾಯಿಲೆನೇ ಇರುತ್ತೆ ಅಂತ ಅಲ್ಲ. ಒಂದೇ ‘ಲಿವರ್ ಪ್ರಾಬ್ಲಂ’ ಮಾತಿನ ಒಳಗೆ ಎಷ್ಟು ಬೇರೆ ಬೇರೆ ಕಥೆ ಇರುತ್ತೆ ನೋಡಿ. ವಯಸ್ಸಾದ ನಾಯಿಯ ಲಿವರ್‌ನಲ್ಲಿ ಗಡ್ಡೆ ಕಂಡ್ರೆ ಎಲ್ಲರೂ ‘ಕ್ಯಾನ್ಸರ್, ಮುಗೀತು’ ಅಂತಾರೆ. ಆದ್ರೆ ಒಂದೇ ಭಾಗದಲ್ಲಿ ಒಂದೇ ದೊಡ್ಡ ಗಡ್ಡೆ ಇದ್ರೆ, ಆಪರೇಷನ್ ಮಾಡಿ ತೆಗೆದ ಮೇಲೆ ವರ್ಷಗಟ್ಟಲೆ ಬದುಕಿದ ನಾಯಿಗಳಿವೆ. ಪಿತ್ತಕೋಶದಲ್ಲಿ ಪಿತ್ತ ಗಟ್ಟಿ ಲೋಳೆಯಾಗಿ ತುಂಬಿಕೊಳ್ಳೋ ಮ್ಯೂಕೋಸೀಲ್ ಅಂತ ಇದೆ, ಅದು ಒಡೆದ್ರೆ ಪ್ರಾಣಕ್ಕೆ ಅಪಾಯ, ಅಲ್ಲಿ ಕಾಯೋ ಹಾಗಿಲ್ಲ. ಕುಶಿಂಗ್ಸ್ ಆದ್ರೆ ಮೂಲ ಲಿವರ್‌ನಲ್ಲಿ ಇರೋದೇ ಇಲ್ಲ. ಇಲಿ ಜ್ವರ, ಅಂದ್ರೆ ಲೆಪ್ಟೋಸ್ಪೈರೋಸಿಸ್ ಆದ್ರೆ ಅದು ನಾಯಿಯ ಮೂತ್ರದಿಂದ ನಮಗೂ ಬರಬಹುದು. ಕೈಗವಸು ಹಾಕ್ಕೊಂಡು ಕ್ಲೀನ್ ಮಾಡಬೇಕು, ಲಸಿಕೆ ತಪ್ಪಿಸಬಾರದು. ಈ ಎಲ್ಲದಕ್ಕೂ ಒಂದೇ ಟಾನಿಕ್ ಬಾಟಲಿ ಹೇಗೆ ಔಷಧಿ ಆಗುತ್ತೆ, ನೀವೇ ಹೇಳಿ.

ಕೆಲವು ಲಕ್ಷಣ ಕಂಡ್ರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಹೊರಡಿ. ಕಣ್ಣಿನ ಬಿಳಿ ಭಾಗ, ವಸಡು ಹಳದಿ ಆದ್ರೆ. ಮಲ ಟಾರಿನ ಹಾಗೆ ಕಪ್ಪಾದ್ರೆ, ವಾಂತಿಯಲ್ಲಿ ರಕ್ತ ಬಂದ್ರೆ. ಹೊಟ್ಟೆ ದಿಢೀರ್ ಊದಿದ್ರೆ. ನಾಯಿ ತೂರಾಡಿದ್ರೆ, ಗೋಡೆಗೆ ತಲೆ ಒತ್ತಿದ್ರೆ, ಫಿಟ್ಸ್ ಬಂದ್ರೆ.

ಮನೇಲಿ ಕೊಡಬಾರದ್ದೂ ಹೇಳಿಬಿಡ್ತೀನಿ. ಜ್ವರ ಅಂತ ನಮ್ಮ ಪ್ಯಾರಾಸಿಟಮಾಲ್, ನೋವು ಅಂತ ಐಬುಪ್ರೊಫೇನ್ ಡಾಕ್ಟ್ರು ಹೇಳದೆ ಕೊಡಬೇಡಿ. ಶುಗರ್ ಫ್ರೀ ಚೂಯಿಂಗ್ ಗಮ್‌ನಲ್ಲಿ ಕ್ಸೈಲಿಟಾಲ್ ಅಂತ ಇರುತ್ತೆ, ನಾಯಿಗೆ ಅದು ಸಕ್ಕರೆ ಪ್ರಮಾಣ ಇಳಿಸಿ, ಲಿವರ್‌ನೂ ಕೆಡಿಸುತ್ತೆ. ಕಾಮಾಲೆಗೆ ನೆಲನೆಲ್ಲಿ ರಸ ಅಂತ ಹಿರಿಯರು ಹೇಳ್ತಾರೆ. ಅವರ ಪ್ರೀತಿಗೆ ಅಡ್ಡ ಹೇಳೋದು ಬೇಡ, ಆದ್ರೆ ಏನೇ ಕೊಡೋಕೆ ಮುಂಚೆ ಡಾಕ್ಟ್ರಿಗೆ ಒಂದು ಫೋನ್ ಮಾಡಿ. ಈಗಾಗಲೇ ಕೊಟ್ಟಿದ್ರೆ ಅದನ್ನೂ ಮುಚ್ಚಿಡದೆ ಹೇಳಿ.

ಕೊನೆಗೆ ದುಡ್ಡು. ನಮಗೆ ಸ್ಕ್ಯಾನಿಂಗ್, ಬಯಾಪ್ಸಿ, ಒಂದು ರಾತ್ರಿ ಆಸ್ಪತ್ರೆ, ಎಲ್ಲ ಸೇರಿ 38 ಸಾವಿರ ಆಯ್ತು. ಅದು ಎಲ್ಲರ ಕೈಲೂ ಆಗೋ ಮೊತ್ತ ಅಲ್ಲ. ಆಗಲ್ಲ ಅಂದ್ರೆ ಅದು ಪ್ರೀತಿ ಕಡಿಮೆ ಅಂತ ಅಲ್ಲ. ನಾಚಿಕೆ ಪಡದೆ ಮೊದಲೇ ಹೇಳಿ: ‘ನಮ್ಮ ಹತ್ರ ಇಷ್ಟಿದೆ ಡಾಕ್ಟ್ರೇ, ಇದರಲ್ಲಿ ಯಾವ ಪರೀಕ್ಷೆಯಿಂದ ಹೆಚ್ಚು ಗೊತ್ತಾಗುತ್ತೆ? ಅದನ್ನ ಮೊದಲು ಮಾಡೋಣ.’ ಬಹಳ ಸಲ ಒಂದು ಒಳ್ಳೆ ಅಲ್ಟ್ರಾಸೌಂಡ್‌ನಿಂದಲೇ ಅರ್ಧ ದಾರಿ ಸ್ಪಷ್ಟ ಆಗುತ್ತೆ. ಬಯಾಪ್ಸಿ ಬೇಡ ಅಂತ ತಿಳಿದು ತೀರ್ಮಾನ ಮಾಡೋದೂ ಒಂದು ತೀರ್ಮಾನನೇ. ತಿಳೀದೆ ಆರು ತಿಂಗಳು ಟಾನಿಕ್ ಕುಡಿಸೋದಕ್ಕೂ ಅದಕ್ಕೂ ತುಂಬ ವ್ಯತ್ಯಾಸ ಇದೆ.

ಈಗ ಫೋನ್ ಕೈಲೇ ಇದೆಯಲ್ಲ, ಇದನ್ನ ನೋಟ್ಸಲ್ಲಿ ಬರೆದಿಟ್ಕೊಳ್ಳಿ. ಮುಂದಿನ ಸಲ ಯಾರಾದ್ರೂ ‘ಲಿವರ್ ಪ್ರಾಬ್ಲಂ, ವಯಸ್ಸಾಯ್ತು’ ಅಂದಾಗ ಕೇಳಬೇಕಾದ್ದು ಇಷ್ಟೇ: ಯಾವ ಲಿವರ್ ಕಾಯಿಲೆ? ಅದು ಹೇಗೆ ಗೊತ್ತಾಯ್ತು? ಗೊತ್ತಿಲ್ಲ ಅಂದ್ರೆ, ಗೊತ್ತು ಮಾಡ್ಕೊಳ್ಳೋಕೆ ಯಾರ ಹತ್ರ ಹೋಗಬೇಕು? ಹಾಗೇ, ನಿಮ್ಮನೇಲಿ ಏಳೆಂಟು ವರ್ಷ ದಾಟಿದ ನಾಯಿ ಇದ್ರೆ ಈ ಭಾನುವಾರ ತೂಕ ನೋಡಿ, ತಾರೀಖು ಹಾಕಿ ಬರೆದಿಡಿ. ನಾಯಿನ ಎತ್ಕೊಂಡು ತೂಕದ ಮಷಿನ್ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆದ್ರೆ ಸಾಕು. ಎತ್ತೋಕಾಗದಷ್ಟು ದಪ್ಪ ಇದ್ರೆ ಪಶು ಆಸ್ಪತ್ರೇಲಿ ತೂಕ ಮಾಡಿಸಿ.

 ನಾಯಿ ಇರೋ ನಿಮ್ಮ ಸ್ನೇಹಿತರಿಗೂ ಇದನ್ನ ಕಳಿಸಿ. ಮತ್ತೆ ಸಿಗೋಣ.